ಲಿವರ್ ರಾಯರು

ಆಂಧ್ರದ ಅಚ್ಯುತಾಪುರಂನ ವಿಶೇಷ ಆರ್ಥಿಕ ವಲಯದಲ್ಲಿ ಔಷಧ ಕಾರ್ಖಾನೆಗಳಿಗೆ ಬರವಿಲ್ಲ. ಅಲ್ಲೊಂದರ ಕ್ವಾಲಿಟಿ ವಿಭಾಗದಲ್ಲಿ ಹುಲಿಯಂತಿರುವ ಬಳ್ಳಾರಿಯವರೇ ನಮ್ಮ ಲಿವರ್ ರಾಯರು. ಸಹಿಯ ಕೆಳಗೆ ತಾರೀಖಿಲ್ಲವೆಂದು ಇಡೀ ಬ್ಯಾಚನ್ನೇ ತಡೆದು ನಿಲ್ಲಿಸುವ ಮನುಷ್ಯ, ತಾವು ನುಂಗುವ ಮಾತ್ರೆ ಡಬ್ಬಿಯ ಹಿಂಬದಿಯನ್ನು ಓದುವವರೇ ಅಲ್ಲ. ಮುಂದೆ ಹಸಿರೆಲೆಯ ಚಿತ್ರವಿದ್ದರೆ ಸಾಕು, ಪಾಸು.

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ ಒನ್’ ಅಂತ ಬಂದಾಗ ರಾಯರಿಗೆ ಸಿಟ್ಟೇ ಬಂತು. ‘ಒಂದು ಹನಿ ಮುಟ್ಟಿದೋನಲ್ಲ ನಾನು!’ ಹೊಟ್ಟೆಯ ಸುತ್ತಳತೆ, ಸಕ್ಕರೆ ಕಾಯಿಲೆ ಎರಡೂ ಜೊತೆಗಿರುವಾಗ ಕುಡಿತದ ಅಗತ್ಯವೇ ಇಲ್ಲ. 2023ರಲ್ಲಿ ವೈದ್ಯಲೋಕ ಈ ರೋಗಕ್ಕೆ ಹೊಸ ಹೆಸರಿಟ್ಟು ಚಯಾಪಚಯದ ಖಾತೆಗೆ ಹಾಕಿದ ಮೇಲೆಯೇ ರಾಯರ ಮರ್ಯಾದೆ ಉಳಿದದ್ದು.

ಅಲ್ಲಿಂದ ಶುರುವಾಯಿತು ಆಂಟಿಆಕ್ಸಿಡೆಂಟ್ ಪಾರಾಯಣ. ಸಿಲಿಮರಿನ್, ಗ್ರೀನ್ ಟೀ ಸಾರ, ಅರಿಶಿನದ ಕ್ಯಾಪ್ಸೂಲ್, ಅಮೃತಬಳ್ಳಿ ರಸ. ಅದರ ಮೇಲೆ ತುಪ್ಪ ಸುರಿದ ಪೆಸರಟ್ಟು. ಸಕ್ಕರೆ ಬಂದ್. ಅದರ ಬದಲು ಅನಕಾಪಲ್ಲಿ ಬೆಲ್ಲ, ಕೈಗೆ ಸಿಕ್ಕಷ್ಟು. ‘ಅದರಾಗ ಕಬ್ಬಿಣ ಐತ್ರೀ!’ ಪಾಪ, ಲಿವರಿಗೆ ಅದೂ ಸಕ್ಕರೆಯೇ. 800 ಯೂನಿಟ್ ವಿಟಮಿನ್ ಇ ಕೆಲವರಿಗೆ ಗುಣ ಕೊಟ್ಟಿತೆಂಬ 2010ರ ಅಮೆರಿಕದ ಅಧ್ಯಯನ ಅವರಿಗೆ ಬಾಯಿಪಾಠ. ಆ ಕೆಲವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ ಎಂಬ ಸಾಲಿಗೆ ಬರುವಷ್ಟರಲ್ಲಿ ಕನ್ನಡಕ ಜಾರುತ್ತದೆ.

ವ್ಯಾಯಾಮವೂ ಉಂಟು. ಸಂಜೆ ಬೈಕ್ ಹತ್ತಿ ಪುಡಿಮಡಕ ಕಡಲ ತೀರಕ್ಕೆ. ನಡೆಯುವುದು ಬಜ್ಜಿ ಗಾಡಿಯವರೆಗೆ. ‘ನಮ್ಮ ಬಳ್ಳಾರಿ ಮಿರ್ಚಿ ಮುಂದೆ ಇದೇನ್ ಬಿಡ್ರಿ’ ಎನ್ನುತ್ತಲೇ ನಾಲ್ಕು ಖಾಲಿ.

ಮುಂದಿನ ರಕ್ತ ಪರೀಕ್ಷೆಯಲ್ಲಿ, ಲಿವರಿನ ಪೆಟ್ಟು ತೋರಿಸುವ ಎಸ್‌ಜಿಪಿಟಿ ಇಳಿಯುವ ಬದಲು ಏರಿತ್ತು. ವಿಶಾಖಪಟ್ಟಣದ ಡಾಕ್ಟರು ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿಟ್ಟರು. ‘ಗ್ರೀನ್ ಟೀ ಸಾರ, ಅರಿಶಿನದ ಕ್ಯಾಪ್ಸೂಲ್, ಅಮೃತಬಳ್ಳಿ, ಇವೇ ಕೆಲವರ ಲಿವರಿಗೆ ಪೆಟ್ಟು ಕೊಟ್ಟಿವೆ. ಎಲ್ಲ ನಿಲ್ಲಿಸಿ. ಬೆಲ್ಲ, ಅನ್ನ ಕಡಿಮೆ ಮಾಡಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ತೂಕ ಶೇಕಡ 7ರಿಂದ 10 ಇಳಿದರೆ ಲಿವರೇ ಸುಧಾರಿಸಿಕೊಳ್ಳುತ್ತದೆ.’

ರಾಯರು ಕುರ್ಚಿ ಮುಂದಕ್ಕೆಳೆದರು. ‘ಡಾಕ್ಟರ್‌ಗಾರೂ, 2024ರಲ್ಲಿ ಅಮೆರಿಕದೋರು ಇದಕ್ಕೇ ಅಂತ ಒಂದು ಮಾತ್ರೆಗೆ ಒಪ್ಪಿಗೆ ಕೊಟ್ಟಾರಲ್ಲ, ರೆಸ್ಮೆಟಿರೋಮ್ ಅಂತ?’

‘ಕೊಟ್ಟಿದ್ದಾರೆ, ರೋಗ ನಿಮಗಿಂತ ಬಲಿತವರಿಗೆ. ಅದೂ ಪಥ್ಯ, ವ್ಯಾಯಾಮದ ಜೊತೆಗೇ ತೆಗೆದುಕೊಳ್ಳಬೇಕು ಅಂತ ಅದರ ಚೀಟಿಯಲ್ಲೇ ಬರೆದಿದೆ.’

‘ಅದು ಬಿಡ್ರಿ,’ ಅಂದರು ಕ್ವಾಲಿಟಿ ರಾಯರು, ‘ಚೀಟಿ ಅಂದಮೇಲೆ ಏನಾರ ಬರೀಲೇಬೇಕಲ್ಲ.’