ಶುಕ್ರವಾರವೇ ಮುಗಿದುಹೋದ ಭಾನುವಾರ

ಭಾನುವಾರ ನಮ್ಮ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಸೋದರಮಾವ ಉಕ್ಕುತ್ತಾರೆ. ಕಿಟಕಿ ಪಕ್ಕದ ರೇಡಿಯೋ ವಾರವಿಡೀ ಅಲ್ಲೇ ಇರುತ್ತದೆ, ಮಾವನೂ ಅಲ್ಲೇ ಇರುತ್ತಾರೆ, ಇಬ್ಬರಿಗೂ ಜಗಳವಿಲ್ಲ. ಶನಿವಾರ ಬಂತೆಂದರೆ ಒಳಗಿನ ದನಿ ಬದಲಾಗುತ್ತದೆ. ಕಿವಿಗೆ ಒಗ್ಗಿದ ದನಿ ರಜೆಗೆ ಹೋಗಿ, ಅದರ ಕುರ್ಚಿಯಲ್ಲಿ ಇನ್ಯಾರೋ ಕೂತು “ನಮಸ್ಕಾರ ಕೇಳುಗರೇ” ಎನ್ನುತ್ತಾರೆ. ಆ ನಮಸ್ಕಾರಕ್ಕೆ ನಮ್ಮ ಮನೆಯಿಂದ ಇದುವರೆಗೆ ಪ್ರತಿನಮಸ್ಕಾರ ಹೋಗಿಲ್ಲ.

“ಯಾವಳೋ ಇವಳು? ಮೂಗಲ್ಲಿ ಮಾತಾಡ್ತಾಳೆ.”

“ನೆಗಡಿ ಇರಬಹುದು ಮಾವ.”

“ನೆಗಡಿ ಇದ್ರೆ ಮನೇಲಿ ಕಷಾಯ ಕುಡೀಲಿ. ನನ್ನ ಕಿವಿಗೆ ಯಾಕೆ ಸುರೀತಾಳೆ?”

ಮಾವ ಹೈಸ್ಕೂಲಿನಲ್ಲಿ 32 ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದವರು. ವಿದ್ಯಾರ್ಥಿಗಳಿಗೆ ಬಿಡುಗಡೆ ಸಿಕ್ಕಿತು, ಕೆಂಪು ಇಂಕಿನ ಪೆನ್ನಿಗೆ ಸಿಗಲಿಲ್ಲ. ಅದಕ್ಕೀಗ ಒಂದು ನೂರು ಪುಟದ ನೋಟ್‌ಬುಕ್ಕು. ವಾರಾಂತ್ಯದ ಒಬ್ಬೊಬ್ಬ ನಿರೂಪಕನಿಗೂ ಅದರಲ್ಲಿ ಅಂಕ. ‘ಭಾಷೆ’ ‘ಬಾಸೆ’ಯಾದರೆ ಅರ್ಧ ಅಂಕ ಹೋಯಿತು. ‘ಹೂವು’ ‘ಊವು’ ಆದರೆ ಒಂದು. ‘ಬೆಳಕು’ ‘ಬೆಲಕು’ ಆದರೆ ಆ ದಿನದ ಮಟ್ಟಿಗೆ ಡಿಬಾರ್. ಒಬ್ಬ ಹುಡುಗ ‘ಹಾರ್ದಿಕ ಅಭಿನಂದನೆ’ಯನ್ನು ‘ಆರ್ತಿಕ ಅಬಿನಂದನೆ’ ಮಾಡಿದ ದಿನ ದೊಡ್ಡದೊಂದು ಸೊನ್ನೆ ಸುತ್ತಿ, ಕೆಳಗೆ ಎರಡು ಗೆರೆ ಎಳೆದು, ‘ಪೋಷಕರನ್ನು ಕರೆತರತಕ್ಕದ್ದು’ ಎಂದು ಬರೆದಿದ್ದಾರೆ.

ಮಾವನ ನೋಟ್‌ಬುಕ್ಕಿಗೆ ನಗಬೇಡಿ. ಬೆಂಗಳೂರೂ ಸೇರಿದಂತೆ ಕೆಲವು ಮಹಾನಗರಗಳಲ್ಲಿ ರೇಡಿಯೋ ಕೇಳುಗರನ್ನು ಅಳೆಯುವ ಸಮೀಕ್ಷೆ 2007ರಲ್ಲಿ ಶುರುವಾದಾಗ ಅದರ ಮೂಲಬಂಡವಾಳವೂ ಇಂಥದೇ ಒಂದು ಡೈರಿ. ಯಾವ ಹೊತ್ತಿನಲ್ಲಿ ಯಾವ ಸ್ಟೇಷನ್ ಕೇಳಿದಿರಿ ಎಂದು ಆಯ್ದ ಕೇಳುಗರು ತಾವೇ ಗುರುತು ಹಾಕಬೇಕಿತ್ತು. ಭಾನುವಾರ ಮಧ್ಯಾಹ್ನ ಬಾಡೂಟ ಮುಗಿಸಿ ಮಲಗಿದವನೊಬ್ಬ ಸಂಜೆ ಎದ್ದು, ಕಣ್ಣುಜ್ಜಿಕೊಂಡು, ತಾನು ಗೊರಕೆ ಹೊಡೆದ ಎರಡು ಗಂಟೆಯನ್ನು ಯಾರ ಲೆಕ್ಕಕ್ಕೆ ಬರೆದಿರಬಹುದು? ಆ ಗೊರಕೆಯ ಆಧಾರದ ಮೇಲೆ ಸೋಪಿನ ಜಾಹೀರಾತಿನ ದರ ಏರಿಯೂ ಇರಬಹುದು, ಯಾರದೋ ಕೆಲಸ ಹೋಗಿಯೂ ಇರಬಹುದು. ಅದಕ್ಕೆ ಹೋಲಿಸಿದರೆ ನಮ್ಮ ಮಾವ ಎಚ್ಚರವಾಗಿ ಕೂತು ಅನ್ಯಾಯ ಮಾಡುತ್ತಾರೆ.

ಬರೀ ಮಾವನ ಮಾತಾದರೆ ಮನೆಯ ವಿಷಯ ಎಂದು ಸುಮ್ಮನಿರಬಹುದಿತ್ತು. ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಭಾನುವಾರವೆಲ್ಲ ರೇಡಿಯೋ ಹಾಡುತ್ತದೆ. ಅಂಗಡಿಯಾತನ ಅಭಿಪ್ರಾಯ ಒಂದೇ ಸಾಲಿನದು: “ಮಾತು ಜಾಸ್ತಿ ಸಾರ್.” ಈ ಒಂದು ಸಾಲನ್ನು ಆತ ನನ್ನ ತಲೆ ಹಿಡಿದುಕೊಂಡು ಮುಕ್ಕಾಲು ಗಂಟೆ ವಿವರಿಸುತ್ತಾನೆ. ಕತ್ತಿನ ಹತ್ತಿರ ಕತ್ತಿ ಇರುವಾಗ ನಾನೂ ಒಪ್ಪುತ್ತೇನೆ. ಆಟೋದವರದು ಬೇರೆ ತಕರಾರು: ವಾರವಿಡೀ ಸಾಯಂಕಾಲ ಬರುವ ಹುಡುಗ ಅಣ್ಣತಮ್ಮನ ಹಾಗೆ ಮಾತಾಡ್ತಾನಂತೆ, ಭಾನುವಾರದವನು ಸಾಲ ಕೊಡಿಸುವ ಬ್ಯಾಂಕಿನವನ ಹಾಗೆ. ಬರೀ ಹಾಡು ಹಾಕಿದರೆ “ಇದಕ್ಕೆ ಪೆನ್‌ಡ್ರೈವ್ ಸಾಕಿತ್ತು” ಎನ್ನುತ್ತಾರೆ. ಎರಡು ಮಾತಾಡಿದರೆ “ಹಾಡು ಹಾಕೋ ಮಾರಾಯ” ಎನ್ನುತ್ತಾರೆ. ನನ್ನ ಮಗ ರೇಡಿಯೋ ಕೇಳುವುದೇ ಇಲ್ಲ. ಹಾಗಾಗಿ ಅವನ ಅಭಿಪ್ರಾಯ ಎಲ್ಲರಿಗಿಂತ ಖಚಿತ: “ಕ್ರಿಂಜ್.”

ಹೆಣ್ಣು ದನಿಯಾದರೆ ಪರೀಕ್ಷೆಗೆ ಇನ್ನೊಂದು ಪ್ರಶ್ನೆಪತ್ರಿಕೆ ಇರುತ್ತದೆ. ಗಂಡು ಆರ್‌ಜೆ ಹೊಟ್ಟೆ ಹಿಡಿದುಕೊಂಡು ನಕ್ಕರೆ ಲವಲವಿಕೆ; ಹುಡುಗಿ ನಕ್ಕರೆ ಚೆಲ್ಲು. ಆತ ತಡವರಿಸಿದರೆ ಪಾಪ, ಲೈವ್ ಕಾರ್ಯಕ್ರಮ. ಈಕೆ ತಡವರಿಸಿದರೆ ತಯಾರಿ ಇಲ್ಲ. ಮುಖವೇ ಕಾಣದ ಮಾಧ್ಯಮದಲ್ಲೂ “ಸ್ವಲ್ಪ ಗಂಭೀರವಾಗಿ ಇರಬಾರದಾ” ಎಂದು ಕೇಳುವ ಶಕ್ತಿ ನಮ್ಮ ಕೇಳುಗರಿಗಿದೆ. ಮನೆಯಲ್ಲಿ ನನ್ನಾಕೆಯೊಬ್ಬಳೇ “ಪಾಪ, ಭಾನುವಾರವೂ ಡ್ಯೂಟಿ ಅವಳಿಗೆ, ಮನೇಲಿ ತಿಂಡಿ ಯಾರು ಮಾಡಿದ್ರೋ” ಎಂದದ್ದು. ಹೇಳಿ ಮುಗಿಸಿ, ಆ ಭಾನುವಾರವೂ ಆಕೆಯೇ ದೋಸೆ ತಿರುವಿಹಾಕಿದಳು. ನಾನು ಮಾವ ಇಬ್ಬರೂ ಕೂತು ನಿರೂಪಕಿಯ ಕೆಲಸದ ಗುಣಮಟ್ಟ ಚರ್ಚಿಸುತ್ತಿದ್ದೆವು.

ಈ ಭಾನುವಾರದವರು ಯಾರು? ಸರ್ಕಾರಿ ರೇಡಿಯೋದಲ್ಲಾದರೆ ಬಹುಮಟ್ಟಿಗೆ ಕ್ಯಾಶುಯಲ್, ಅಂದರೆ ತಾತ್ಕಾಲಿಕ ಉದ್ಘೋಷಕರು. ಕಾಯಂ ಆದವರು ಒಬ್ಬೊಬ್ಬರಾಗಿ ನಿವೃತ್ತರಾದಂತೆ ಖಾಲಿ ಕುರ್ಚಿ ಬೆಚ್ಚಗಿಟ್ಟವರು ಇವರೇ. ತಿಂಗಳಿಗೆ ಆರು ಡ್ಯೂಟಿ, ಡ್ಯೂಟಿಗಿಷ್ಟು ಸಂಭಾವನೆ. ಏಳನೆಯದು ಕೊಟ್ಟರೆ ಎಲ್ಲಿ ಕಾಯಂ ಮಾಡಿ ಎಂದುಬಿಡುತ್ತಾರೋ ಎಂಬ ಭಯವಿರಬೇಕು. ಹಾಗೆ ಕೇಳಿಕೊಂಡು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದವರೂ ಇದ್ದಾರೆ. ವಾರವಿಡೀ ಎಲ್ಲೋ ಪಾಠ ಹೇಳಿಯೋ ಲೆಕ್ಕ ಬರೆದೋ, ಭಾನುವಾರ ಮುಂಜಾನೆ ಐದಕ್ಕೆ ಮೊದಲ ಬಸ್ಸೋ ಗಂಡನ ಸ್ಕೂಟರೋ ಹಿಡಿದು ಬಂದು, ಕ್ಯೂ ಶೀಟು ನೋಡಿ, ಫೇಡರ್ ಏರಿಸಿ, “ಈ ಮುಂಜಾನೆ ನಿಮ್ಮೆಲ್ಲರಿಗೂ ನವಚೈತನ್ಯ ತರಲಿ” ಎನ್ನುತ್ತಾರೆ. ಆ ಚೈತನ್ಯ ಅವರ ಕೈಗೆ ಎಷ್ಟು ಉಳಿದಿತ್ತು ಎಂಬ ಕಾಲಮ್ಮು ಮಾವನ ನೋಟ್‌ಬುಕ್ಕಿನಲ್ಲಿಲ್ಲ.

ಖಾಸಗಿ ಎಫ್‌ಎಂನ ಕತೆ ಬೇರೆ. ದೇಶದ ಮೊದಲ ಖಾಸಗಿ ಎಫ್‌ಎಂ 2001ರ ಜುಲೈನಲ್ಲಿ ಬಾಯಿ ಬಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಅಂದಿನಿಂದ ಮುಚ್ಚಿಲ್ಲ. “ಏನೂ ವಿಷಯ ಇಲ್ದೆ ಮಾತಾಡ್ತಾರೆ” ಎಂಬುದು ಇವರ ಮೇಲಿನ ದೊಡ್ಡ ದೂರು. ವಿಷಯ ಇದ್ದರೆ ತಾನೇ ತೊಂದರೆ! ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಓದುವಂತಿಲ್ಲ ಎಂದು ಸರ್ಕಾರದ ನಿಯಮವಿದೆ. ಬೇಕಾದರೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಕೇಳಿಸಬಹುದು. ಮಿಕ್ಕಂತೆ ಹವಾಮಾನ, ಟ್ರಾಫಿಕ್ಕು, ಕ್ರಿಕೆಟ್ಟು, ಪರೀಕ್ಷೆಯ ಫಲಿತಾಂಶ. ಟಿವಿಯವರು ಇಪ್ಪತ್ನಾಲ್ಕು ಗಂಟೆ ಕಿರುಚಬಹುದು. ಮೊಬೈಲಿನಲ್ಲಿ ಯಾರು ಏನು ಬೇಕಾದರೂ ಹರಡಬಹುದು. ಆದರೆ ರೇಡಿಯೋ ಹುಡುಗ ಬಾಯಿ ತಪ್ಪಿ ಸಮಾಚಾರ ಹೇಳಿಬಿಟ್ಟರೆ ದೇಶ ಅಲ್ಲಾಡುತ್ತದೆ. ಪಾಪದವನು ಸಿಲ್ಕ್ ಬೋರ್ಡಿನ ಜಾಮ್ ಬಗ್ಗೆ ನಾಲ್ಕು ಗಂಟೆ ಮಾತಾಡದೆ ಇನ್ನೇನು ಮಾಡಬೇಕು?

ಅದೂ ಭಾನುವಾರ ಅವನು ಅಲ್ಲಿದ್ದರೆ. ಒಂದು ಸಲ, ಮಹಡಿಯ ಮೇಲೆ ನನ್ನಾಕೆ ಸಂಡಿಗೆ ಒಣಹಾಕುವಷ್ಟು ಬಿಸಿಲಿತ್ತು. ರೇಡಿಯೋದಲ್ಲಿ “ಹೊರಗೆ ಏನ್ ಮಳೆ ಗುರೂ! ಬಿಸಿಬಿಸಿ ಬಜ್ಜಿ ಕಚ್ಕೊಂಡು ಈ ಹಾಡು ಕೇಳಿ” ಎಂದಿತು. ನನ್ನಾಕೆ ಗಾಬರಿಯಿಂದ ಮಹಡಿಗೆ ಓಡಿ ಸಂಡಿಗೆ ಎತ್ತಿಕೊಂಡು ಬಂದಳು. ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ. ರೇಡಿಯೋದಲ್ಲಿ ಕೆಲಸ ಮಾಡುವ ಪರಿಚಯದ ಹುಡುಗಿಯೊಬ್ಬಳು ಆಮೇಲೆ ಗುಟ್ಟು ಬಿಡಿಸಿದಳು: “ಅಂಕಲ್, ನಮ್ಮ ಭಾನುವಾರ ಶುಕ್ರವಾರ ಸಾಯಂಕಾಲಾನೇ ಮುಗಿದುಹೋಗುತ್ತೆ. ಹಾಡಿನ ನಡುವಿನ ಮಾತುಗಳನ್ನಷ್ಟೇ ಒಟ್ಟಿಗೆ ರೆಕಾರ್ಡ್ ಮಾಡಿಟ್ಟು ಹೋಗ್ತೀವಿ. ಮಿಕ್ಕಿದ್ದು ಕಂಪ್ಯೂಟರ್ ನೋಡ್ಕೊಳ್ಳುತ್ತೆ.” ಆ ಶುಕ್ರವಾರ ಮಳೆ ಬಂದಿತ್ತು, ನಿಜ. ಒಂದೇ ಕಂಪನಿಯ ಒಂದು ಊರಿನ ಕಾರ್ಯಕ್ರಮವನ್ನು ಇನ್ನೊಂದು ಊರಿನಲ್ಲೂ ಹಾಕಿಕೊಳ್ಳಲು 2011ರ ನೀತಿ ದಾರಿ ಅಗಲ ಮಾಡಿದ ಮೇಲಂತೂ ಯಾರ ಊರಿನ ಮಳೆ ಯಾರ ಸಂಡಿಗೆ ನೆನೆಸುತ್ತದೋ ಹೇಳಬರುವುದಿಲ್ಲ.

ಮಾವನಿಗೆ ಇದನ್ನು ಹೇಳಿದರೆ ನೇರ ಸತ್ಯಯುಗಕ್ಕೆ ಹೋದರು. “ನಮ್ಮ ಕಾಲದಲ್ಲಿ…” ಎಂದು ಶುರು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದ್ದು, ‘ಆಕಾಶವಾಣಿ’ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋದದ್ದು, ‘ಈರಣ್ಣ’ನಾಗಿ ಎ.ಎಸ್. ಮೂರ್ತಿಯವರು ಮಾತಾಡುತ್ತಿದ್ದರೆ ಊರೇ ಕಿವಿಯಾಗುತ್ತಿದ್ದದ್ದು. ಎಲ್ಲ ಸರಿ. ಮಾವ ಮರೆಯುವುದು ಎರಡು ಸಂಗತಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕೇಳುಗರೆಂಬ ಪ್ರಾಣಿಯ ಜೊತೆ ಏಗಲು ಅದೇ ತಕ್ಕ ವಿದ್ಯೆ ಎಂದು ಅವರಿಗೆ ಆಗಲೇ ಗೊತ್ತಿದ್ದಿರಬೇಕು. ಎರಡನೆಯದು, ಎಂಬತ್ತರ ದಶಕದವರೆಗೂ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ದುಡ್ಡು ಕೊಟ್ಟು ಕೇಳುತ್ತಿದ್ದಾಗ ಎಲ್ಲವೂ ಇಂಪಾಗಿತ್ತು. ಪುಕ್ಕಟೆ ಆದ ಮೇಲೆ ನಮ್ಮ ಕಿವಿ ಇಷ್ಟು ಸೂಕ್ಷ್ಮವಾಯಿತು.

ವಾರಾಂತ್ಯದ ನಿರೂಪಕರಲ್ಲಿ ಒಬ್ಬರಿಗೆ ಮಾತ್ರ ಮಾವನ ನೋಟ್‌ಬುಕ್ಕಿನಲ್ಲಿ ಅಂಕವಿಲ್ಲ. 2014ರ ಅಕ್ಟೋಬರಿನಲ್ಲಿ ಶುರುವಾದ ಅವರ ಕಾರ್ಯಕ್ರಮ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ 11ಕ್ಕೆ ಬರುತ್ತದೆ. ಕೇಳುಗರ ಪತ್ರ ಓದುತ್ತಾರೆ, ಫೋನ್ ಮಾತ್ರ ಎತ್ತುವುದಿಲ್ಲ. ಲೋಕಸಭೆ ಚುನಾವಣೆಯ ಹೊತ್ತಿನಲ್ಲಿ ರಜೆ ಹಾಕುತ್ತಾರೆ. “ಇವರಿಗೆ ಯಾಕೆ ಮಾವ ಅಂಕ ಹಾಕಿಲ್ಲ?” ಎಂದೆ. ಮಾವ ಪೆನ್ನಿನ ಕ್ಯಾಪು ಮುಚ್ಚುತ್ತಾ, “ಅದರ ಪರೀಕ್ಷೆ ಐದು ವರ್ಷಕ್ಕೊಂದ್ಸಲ ಕಣೋ, ಬೆರಳಿಗೆ ಇಂಕು ಹಾಕಿಸ್ಕೊಂಡು” ಎಂದರು.

ಹೋದ ತಿಂಗಳು ಒಂದು ಭಾನುವಾರ ಮಾವ ಸಮರಕ್ಕೇ ಇಳಿದರು. ಖಾಸಗಿ ಸ್ಟೇಷನ್ನೊಂದರಲ್ಲಿ ಹುಡುಗನೊಬ್ಬ ‘ಹಬ್ಬ’ವನ್ನು ‘ಅಬ್ಬ’ ಎಂದು ಮೂರು ಸಲ ಅಂದಿದ್ದ. “ಇವನಿಗೆ ನಾನೇ ಹೇಳ್ತೀನಿ ತಾಳು” ಎಂದು ನಂಬರು ಒತ್ತಿ ಸ್ಪೀಕರ್‌ಗೆ ಹಾಕಿದರು. ಟ್ರಿಣ್ ಟ್ರಿಣ್ ಎಂದು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಅದೇ ಹೊತ್ತಿಗೆ ರೇಡಿಯೋದಲ್ಲಿ ಹುಡುಗ, “ಅಬ್ಬಬ್ಬಾ, ನಿಮ್ಮ ಕಾಲ್‌ಗಳ ಸುರಿಮಳೆ! ಒಬ್ಬೊಬ್ಬರದೂ ತಗೋತಾ ಇದೀನಿ!” ಎಂದ. ಮಾವ ಫೋನನ್ನೂ ರೇಡಿಯೋವನ್ನೂ ಒಂದೊಂದು ಸಲ ನೋಡಿದರು. ಶುಕ್ರವಾರದ ಹುಡುಗ, ಭಾನುವಾರದ ಮುದುಕ.

ಸಿಟ್ಟು ಇಳಿಯದೆ ಸರ್ಕಾರಿ ಸ್ಟೇಷನ್ನಿಗೆ ತಿರುಗಿಸಿದರು. ಅಲ್ಲಿ ಮೂಗಿನಲ್ಲಿ ಮಾತಾಡುವ ಅದೇ ಹೆಣ್ಣುಮಗಳು ಕೇಳುಗರ ಕರೆ ತೆಗೆದುಕೊಳ್ಳುತ್ತಿದ್ದಳು. “ಇವಳಿಗೂ ಸೇರಿಸಿ ಹೇಳಿಬಿಡ್ತೀನಿ” ಎಂದು ನಂಬರು ಒತ್ತಿದರು. ಎರಡನೇ ರಿಂಗಿಗೇ ಎತ್ತಿದಳು.

“ನಮಸ್ಕಾರ, ಯಾರು ಮಾತಾಡ್ತಿರೋದು?”

32 ವರ್ಷ ಮಹಾಪ್ರಾಣ ಕಾಪಾಡಿದ ಮಾವ ಒಮ್ಮೆ ಉಗುಳು ನುಂಗಿ, “ಅಲೋ…” ಎಂದರು.

“ಹೇಳಿ ಯಜಮಾನ್ರೇ. ನಿಮ್ಮ ರೇಡಿಯೋ ಸದ್ದು ಸ್ವಲ್ಪ ಕಡಿಮೆ ಮಾಡ್ತೀರಾ?”

ನಾನು ಓಡಿ ರೇಡಿಯೋ ಆರಿಸಿದೆ. ಆಮೇಲೆ ನಡೆದದ್ದು ಇಷ್ಟು: ಆಕೆ “ತಿಂಡಿ ಆಯ್ತಾ” ಎಂದಳು. ಮಾವ ದೋಸೆಯಿಂದ ಹಿಡಿದು ಚಟ್ನಿಯ ಕಾಯಿಯವರೆಗೆ ಹೇಳಿದರು. “ಏನು ಮಾಡಿಕೊಂಡಿದ್ದಿರಿ” ಎಂದಳು. ಹೈಸ್ಕೂಲು, ಹಳೇ ವಿದ್ಯಾರ್ಥಿಗಳು, ಮಂಡಿನೋವು, ತೀರಿಕೊಂಡ ಅತ್ತೆಯ ಕೈಯಡುಗೆ ಎಲ್ಲ ಬಂತು. ಆಕೆಗೆ ನೆಗಡಿಯಂತೆ, ಮಾವ ಮೆಣಸು ಬೆಲ್ಲದ ಕಷಾಯದ ಅಳತೆ ಹೇಳಿದರು. “ಯಾವ ಹಾಡು ಬೇಕು” ಎಂದಾಗ, “ಯಾವ್ದಾದ್ರೂ ಆಕಮ್ಮಾ, ನೀನು ಆಕಿದ್ದು ಚೆನ್ನಾಗೇ ಇರುತ್ತೆ” ಎಂದು, ಹದಿನಾಲ್ಕು ಜನ ನೆಂಟರ ಹೆಸರು ಓದಿ ಫೋನಿಟ್ಟರು. ದೂರಿನ ನೋಟ್‌ಬುಕ್ಕು ತೊಡೆಯ ಮೇಲೆ ತೆರೆದೇ ಇತ್ತು.

“ಹೇಗೆ ಬಂತೋ?” ಎಂದರು. ರೇಡಿಯೋ ಆರಿಸಿದ್ದರಿಂದ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಮರುವಾರ ಕ್ಷೌರದಂಗಡಿಯಾತ ನನ್ನ ಕುತ್ತಿಗೆಗೆ ಬಟ್ಟೆ ಕಟ್ಟುತ್ತಾ, “ಹಾಡು ಹಾಕೋದೇ ಬಿಟ್ಬಿಟ್ರು ಸಾರ್” ಎಂದ. “ಹೋದ ಭಾನುವಾರ ಯಾವನೋ ಮುದುಕನ ಕೈಗೆ ಫೋನ್ ಕೊಟ್ಟು ಕೂರಿಸ್ಬಿಟ್ಟಿದ್ದರು. ದೋಸೆ, ಚಟ್ನಿ, ಮಂಡಿನೋವು. ಇಡೀ ಊರಿನ ಕಿವಿ ಕೊರೆದ. ‘ಹ’ ಕೂಡ ಬರಲ್ಲ ಸಾರ್ ಅವನಿಗೆ. ಇಂಥೋರನ್ನೆಲ್ಲ ಯಾಕೆ ಬಿಡ್ತಾರೆ ರೇಡಿಯೋಗೆ?”

ಕತ್ತಿ ಕತ್ತಿನ ಹತ್ತಿರವಿತ್ತು. ಹೌದೌದು ಎಂದೆ.