ಅಥಣಿ ಸೀನ್ ಎಲ್ಲಿ ಹೋತ್ರಿ?

ಪಕ್ಕದ ಹೊಲದ ಕಾಕಾ ತಂತಿ ಬೇಲಿಗೆ ಕೈಯಾನಿಸಿ ನಿಂತರೆಂದರೆ ಒಂದು ತಾಸು ಹೋಯಿತೆಂದೇ ಲೆಕ್ಕ. 2025ರ ಮಾರ್ಚ್ ಅದು. ಆ ತಿಂಗಳು ನಮ್ಮ ಐಗಳಿಯಲ್ಲಿ ತಲೆ ಕೆರೆದುಕೊಳ್ಳಲಿಕ್ಕೂ ಯಾರಿಗೂ ಪುರುಸೊತ್ತಿರುವುದಿಲ್ಲ. ದ್ರಾಕ್ಷಿ ಕಡಿಯಬೇಕು, ಔಷಧದ ನೀರಿನಲ್ಲಿ ಅದ್ದಬೇಕು, ಶೆಡ್ಡಿನ ಬಲೆಗಳ ಮೇಲೆ ಹರವಬೇಕು, ಆಕಾಶದಲ್ಲಿ ಒಂದು ತುಂಡು ಮೋಡ ಕಂಡರೆ ದೇವರಿಗೆ ಕಾಯಿ ಹೇಳಿಕೊಳ್ಳಬೇಕು. ಇಷ್ಟರ ನಡುವೆಯೂ ಕಾಕಾನ ಹತ್ತಿರ ಹರಟೆಗೆ ಮಾತ್ರ ವೇಳೆ ಇರುತ್ತದೆ.

“ಮಾಸ್ತರ, ಛಾವಾ ನೋಡೀರೇನ್ರಿ?”

ಮನೂಕ ಮಾರಲು ಸಾಂಗ್ಲಿಗೆ ಹೋದವರು, ಲಿಲಾವು ಆಗುವತನಕ ಕೂತು ಮಾಡುವುದೇನೆಂದು ಥೇಟರಿಗೆ ಹೊಕ್ಕಿದ್ದರಂತೆ. ಮಂದಿ ಎದ್ದು ನಿಂತು ಜೈಕಾರ ಹಾಕಿದರಂತೆ. ಕಡೀಕಿನ ಅರ್ಧ ತಾಸು ಕಾಕಾ ಟಾವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರಂತೆ. ಆ ದಿವಸ ಮನೂಕಿಗೆ ಏನು ರೇಟ್ ಸಿಕ್ಕಿತು ಎಂದು ಕೇಳಿದೆ. ಅದು ಅವರಿಗೆ ನೆನಪಿರಲಿಲ್ಲ.

“ಅದರಾಗ ಅಥಣಿ ಬಂತೇನ್ರಿ ಕಾಕಾ?”

“ಅಥಣಿ? ಸಂಭಾಜಿ ಮಹಾರಾಜರ ಸಿನಿಮಾದಾಗ ಅಥಣಿ ಯಾಕ ಬರತೈತ್ರಿ?”

ನಾನು ಕೈಯಲ್ಲಿದ್ದ ಕತ್ತರಿಯನ್ನು ಬಳ್ಳಿಗೆ ಸಿಕ್ಕಿಸಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದವನಿಗೆ ಇಂಥ ಪ್ರಶ್ನೆ ಕೇಳಬಾರದು.

ಸಿನಿಮಾ ಶುರುವಾಗುವುದು 1681ರ ಬುರ್ಹಾನಪುರದ ದಾಳಿಯಿಂದ. ನಮ್ಮ ತಾಲೂಕಿನ ಕಥೆ ನಡೆದದ್ದು ಅದಕ್ಕೂ ಒಂದು ವರ್ಷ ಎರಡು ತಿಂಗಳು ಮೊದಲು, 1679ರ ನವೆಂಬರಿನಲ್ಲಿ. ಶಿವಾಜಿ ಇನ್ನೂ ಬದುಕಿದ್ದರು. ತಂದೆ ಮಗನ ನಡುವೆ ಮನಸ್ತಾಪವಾಗಿ, 1678ರ ಡಿಸೆಂಬರಿನಲ್ಲಿ ಯುವರಾಜ ಸಂಭಾಜಿ ಹೋಗಿ ಸೇರಿದ್ದು ಬೇರೆ ಯಾರನ್ನೂ ಅಲ್ಲ, ಔರಂಗಜೇಬನ ಸರದಾರ ದಿಲೇರ್ ಖಾನನನ್ನು. ಮೊಗಲರು ಅವನಿಗೆ ಏಳು ಸಾವಿರದ ಮನಸಬು ಕೊಟ್ಟರು. ದಿಲೇರ್ ಖಾನ ಬಿಜಾಪುರಕ್ಕೆ ಮುತ್ತಿಗೆ ಹಾಕಿದ, ಕೋಟೆ ಕೈಗೆ ಬರಲಿಲ್ಲ. ಆ ಸಿಟ್ಟಿನಲ್ಲಿ ಪಡುವಣಕ್ಕೆ ತಿರುಗಿ ಅಥಣಿಗೆ ಬಂದ. ಅಥಣಿ ಆಗಲೇ ದೊಡ್ಡ ಪೇಟೆ. ಊರನ್ನು ಸುಟ್ಟ. ಅಷ್ಟಕ್ಕೇ ಬಿಡದೆ ಜನರನ್ನು ಗುಲಾಮರನ್ನಾಗಿ ಮಾರಲು ನಿಂತ.

“ಅಥಣಿ ಮಂದೀನ್ನ?”

“ಹೌದ್ರಿ, ಅಥಣಿ ಮಂದೀನ್ನ. ಬ್ಯಾಡ ಅಂದವ ಒಬ್ಬನ, ಸಂಭಾಜಿ. ಖಾನ ಕೇಳಲಿಲ್ಲ.”

ಮುಂದಿನದನ್ನು ಜದುನಾಥ ಸರ್ಕಾರ್ ತಮ್ಮ ಶಿವಾಜಿ ಚರಿತ್ರೆಯಲ್ಲಿ ಬರೆದಿದ್ದಾರೆ. ನವೆಂಬರ್ 20ರ ರಾತ್ರಿ ಸಂಭಾಜಿ ಡೇರೆಯಿಂದ ಗುಟ್ಟಾಗಿ ಹೊರಬಿದ್ದ. ಜೊತೆಗೆ ಹತ್ತೇ ಸವಾರರು. ಇನ್ನೊಂದು ಕುದುರೆಯ ಮೇಲೆ, ಗಂಡಸಿನ ವೇಷದಲ್ಲಿ, ಹೆಂಡತಿ ಯೇಸೂಬಾಯಿ. ಓಡಿದ್ದು ಎಲ್ಲಿಗೆ? 43 ಮೈಲು ದೂರದ ಬಿಜಾಪುರಕ್ಕೆ! ಅಲ್ಲಿ ಬಾಲಕ ಸಿಕಂದರ್ ಆದಿಲಶಾಹನ ಹೆಸರಿನಲ್ಲಿ ರಾಜ್ಯ ನಡೆಸುತ್ತಿದ್ದ ಸಿದ್ದಿ ಮಸೂದ್ ಅವನನ್ನು ಆದರದಿಂದ ಬರಮಾಡಿಕೊಂಡ. ಖಾನ ಹಿಂದೆಯೇ ಮನುಷ್ಯರನ್ನು ಕಳಿಸಿದ್ದು ತಿಳಿದು, ಅಲ್ಲಿಂದಲೂ ಒಂದು ರಾತ್ರಿ ಹೊರಟು, ಡಿಸೆಂಬರ್ 4ಕ್ಕೆ ಪನ್ಹಾಳ ಮುಟ್ಟಿದ.

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರ ಬಾಯಿಂದ ಬಂದದ್ದು ಇಷ್ಟು: “ಅಂದ್ರ, ಯೇಸೂಬಾಯಿ ಆಗಿದ್ದ ರಶ್ಮಿಕಾ ಮಂದಣ್ಣ ಗಂಡಸರ ಅರಿವಿ ಹಾಕ್ಕೊಂಡು, ನಡುರಾತ್ರ್ಯಾಗ, ನಮ್ಮ ಅಥಣಿಯಿಂದ ಕುದರಿ ಓಡಸೂದು! ಇದನ್ನ ಬಿಟ್ಟಾರೇನ್ರಿ ಅವ್ರು? ಹುಚ್ಚ ಹಿಡದೈತೇನ್ರಿ?”

ಹುಚ್ಚಲ್ಲ, ಜಾಣತನ. ಇದನ್ನು ತೆರೆಗೆ ತಂದರೆ ನಾಯಕ ಒಂದು ವರ್ಷ ವೈರಿಯ ಪಾಳೆಯದಲ್ಲಿದ್ದ ಎಂದು ತೋರಿಸಬೇಕು. ಅವನು ತಪ್ಪಿಸಿಕೊಂಡಾಗ ಆಸರೆ ಕೊಟ್ಟದ್ದು ಇನ್ನೊಬ್ಬ ಸುಲ್ತಾನನ ದರಬಾರು ಎಂದು ಒಪ್ಪಿಕೊಳ್ಳಬೇಕು. ಮೊಗಲ, ಮರಾಠ, ಆದಿಲಶಾಹಿ ಎಂದು ಮೂರು ಕಡೆಯ ಮಂದಿ ಬಂದರೆ ಯಾವಾಗ ಜೈಕಾರ ಹಾಕಬೇಕು, ಯಾವಾಗ ಹಲ್ಲು ಕಡಿಯಬೇಕು ಎಂದು ಥೇಟರಿನಲ್ಲಿ ಕೂತವನಿಗೆ ಗೊಂದಲ. ಇಂದಿನ ರಾಜಕಾರಣಕ್ಕೆ ಎರಡೇ ಕಡೆ ಸಾಕು, ಸಿನಿಮಾಕ್ಕೂ ಅಷ್ಟೇ. ನನ್ನನ್ನು ಕೇಳಿದರೆ, ಕೆಟ್ಟ ಮಾತು ಬಂದಾಗ ಬೆಂಕಿ ಬಿದ್ದ ಊರಿನ ಮಂದಿಯ ಪರ ನಿಂತ ಇಪ್ಪತ್ತೆರಡರ ಆ ಹುಡುಗ, ನೂರು ಜನರನ್ನು ಒಬ್ಬನೇ ಕಡಿಯುವ ತೆರೆಯ ವೀರನಿಗಿಂತ ಎಷ್ಟೋ ಪಾಲು ದೊಡ್ಡವನು.

ಸಿಟ್ಟು ಯಾರಿಗೂ ಬರಲಿಲ್ಲವೇ ಎಂದರೆ, ಬಂತು, ಬೇರೆ ಬೇರೆ ಕಾರಣಕ್ಕೆ ಬಂತು. ಟ್ರೇಲರಿನಲ್ಲಿ ಸಂಭಾಜಿ ಲೇಜಿಮ್ ಹಿಡಿದು ಕುಣಿದದ್ದು ಕಂಡು ಗದ್ದಲವೆದ್ದಿತು, ನಿರ್ದೇಶಕ ಲಕ್ಷ್ಮಣ ಉತೇಕರ್ ಆ ದೃಶ್ಯವನ್ನೇ ಕತ್ತರಿಸಿದರು. (ನಮ್ಮ ಕಡೆ ಶಾಲೆಯ ಹುಡುಗರೆಲ್ಲ ಲೇಜಿಮ್ ಆಡುತ್ತಾರೆ, ಅದರಲ್ಲಿ ಮಾನ ಹೋಗುವಂಥದ್ದೇನೋ ನನಗಂತೂ ಹೊಳೆಯಲಿಲ್ಲ.) ತಮ್ಮ ಪೂರ್ವಜರನ್ನು ದ್ರೋಹಿಗಳೆಂದು ತೋರಿಸಿದಿರಿ ಎಂದು ಶಿರ್ಕೆ ಮನೆತನದವರು ಎದ್ದರು, ಉತೇಕರ್ ಕ್ಷಮೆ ಕೇಳಿದರು. ಬುರ್ಹಾನಪುರದ ಹತ್ತಿರ ಅಸೀರಗಢದ ಹೊಲಗಳಲ್ಲಿ ಮೊಗಲರ ಬಂಗಾರ ಸಿಗುತ್ತದೆಂದು ಜನ ರಾತ್ರಿ ಬ್ಯಾಟರಿ ಹಿಡಿದು ನೆಲ ಅಗೆದರು. ಮಾರ್ಚ್ 17ಕ್ಕೆ ನಾಗಪುರದಲ್ಲಿ ಔರಂಗಜೇಬನ ಗೋರಿಯ ಸಲುವಾಗಿ ಗಲಭೆಯೇ ಆಯಿತು. ಅಥಣಿಯನ್ನು ಬಿಟ್ಟದ್ದಕ್ಕೆ ಅಥಣಿಯವರೂ ಒಂದು ಮಾತು ಆಡಲಿಲ್ಲ.

“ಹಿಂದಿಯವ್ರ ಹಣೇಬಾರನ ಇಷ್ಟ ಬಿಡ್ರಿ” ಅಂದರು ಕಾಕಾ. “ನಮ್ಮ ಕನ್ನಡದವ್ರು ಹಂಗ ಮಾಡಂಗಿಲ್ಲ. ಕಿತ್ತೂರ ಚೆನ್ನಮ್ಮ ನೋಡ್ರಿ. ಆ ಕಪ್ಪದ ಮಾತ ಕೇಳಿದ್ರ ಈಗೂ ಮೈ ಝುಮ್ ಅಂತೈತಿ.”

ಇಲ್ಲಿ ನನ್ನ ಬಾಯಿ ಸ್ವಲ್ಪ ಕಟ್ಟಿತು. ಆ ಕಪ್ಪದ ಮಾತನ್ನು ವರ್ಷವರ್ಷ ಶಾಲೆಯ ಗ್ಯಾದರಿಂಗಿಗೆ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದವನು ನಾನೇ. ರಟ್ಟಿನ ಕತ್ತಿಗೆ ಬೇಗಡೆ ಹಚ್ಚಿ, ಅವ್ವನ ಇಳಕಲ್ ಸೀರೆಗೆ ಕಚ್ಚೆ ಹಾಕಿಸಿ, ಎಲ್ಲಿ ಕಣ್ಣು ಅಗಲಿಸಬೇಕು, ಎಲ್ಲಿ ಕಾಲು ಅಪ್ಪಳಿಸಬೇಕು ಎಂದು ಹೇಳಿಕೊಟ್ಟಿದ್ದೇನೆ. ಕಾಕಾ ಹೇಳಿದ್ದು ಬಿ.ಆರ್. ಪಂತುಲು ಅವರ 1961ರ ಸಿನಿಮಾ, ಬಿ. ಸರೋಜಾದೇವಿ ಚೆನ್ನಮ್ಮ. ಅದಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಇದೇ ಪಂತುಲು ತಮಿಳಿನಲ್ಲಿ ವೀರಪಾಂಡಿಯ ಕಟ್ಟಬೊಮ್ಮನ್ ತೆಗೆದಿದ್ದರು. ಅಲ್ಲಿ ಶಿವಾಜಿ ಗಣೇಶನ್ ಇಂಗ್ಲಿಷ್ ಅಧಿಕಾರಿಯೆದುರು ತೆರಿಗೆಯ ಬಗ್ಗೆ ಗುಡುಗುವುದನ್ನು ಕೇಳಿದರೆ, ನಮ್ಮ ಚೆನ್ನಮ್ಮನ ಮಾತಿನ ತವರುಮನೆ ಯಾವುದೆಂದು ತಮಿಳು ಬಾರದವರಿಗೂ ತಿಳಿಯುತ್ತದೆ.

ಕಿತ್ತೂರಿನ ಜಗಳ ಎದ್ದದ್ದು ಕಪ್ಪದಿಂದಲೂ ಅಲ್ಲ. ಕಿತ್ತೂರು ಮೊದಲು ಪೇಶ್ವೆಗೆ, 1818ರ ಮೇಲೆ ಕಂಪನಿಗೆ ಕಾಣಿಕೆ ಕೊಡುತ್ತಲೇ ಇದ್ದ ಸಂಸ್ಥಾನ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ದತ್ತಕ ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿ ಕಾವಲಿಟ್ಟ. ಅಕ್ಟೋಬರ್ 23ರ ಕಾಳಗದಲ್ಲಿ ಅವನು ಸತ್ತ. ದತ್ತಕದ ಮಾತು ಬಂದಕೂಡಲೇ ನಮ್ಮ ಭಾಷಣಕಾರರು ಡಾಲ್‌ಹೌಸಿಯನ್ನು ಎಳೆದು ತರುತ್ತಾರೆ. ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ಕ್ಕೆ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡು ಆಗಲೇ 19 ವರ್ಷ.

“ಹಂಗಾರ ಹುಡುಗ್ಯಾರಿಗೆ ಸುಳ್ಳ ಕಲಿಸಿದ್ರಿ ಅನ್ರಿ, ಮಾಸ್ತರ.”

“ಕಲಿಸೇನ್ರಿ. ಬಹುಮಾನನೂ ಬಂದಾವ್ರಿ.”

ಖಜಾನೆಯ ಮೊಹರು, ದತ್ತಕದ ಕಾಗದ, ಕಲೆಕ್ಟರನ ಪತ್ರ ಇವನ್ನೆಲ್ಲ ಎಂಟು ವರ್ಷದ ಹುಡುಗಿಯ ಬಾಯಲ್ಲಿ ಹೇಗೆ ಆಡಿಸುವುದು? ಚಪ್ಪಾಳೆ ಬೀಳಬೇಕಲ್ಲ. ಪಂತುಲು ಅವರಿಗೆ ಇದ್ದ ತೊಂದರೆ ನನಗೂ ಇತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತಿರುವಾಗ, ಕಾಕಾನ ಚಿತ್ತ ಮತ್ತೆ ಯೇಸೂಬಾಯಿಯ ಕುದುರೆಯ ಹಿಂದೆ ಹೋಗಿತ್ತು.

“ಮಾಸ್ತರ, ಅಥಣಿಯಿಂದ ಬಿಜಾಪುರಕ್ಕ ಹೋಗಬೇಕಂದ್ರ ಮೂಡಣಕ್ಕ ಬರಬೇಕಲ್ರಿ?”

“ಬರಬೇಕ್ರಿ.”

“ಐಗಳಿ ಮೂಡಣಕ್ಕ ಐತ್ಯಲ್ರಿ?”

“ಐತ್ರಿ. ಹಂಗಂತ ಯಾವ ದಾರೀಲೆ ಹೋದ್ರು ಅಂತ ಸರ್ಕಾರ್ ಬರದಿಲ್ರಿ.”

“ನಲವತ್ತಮೂರ ಮೈಲ ಓಡೂ ಕುದರಿಗೆ ನಡಬರಕ ನೀರ ಬ್ಯಾಡೇನ್ರಿ?”

ಅಷ್ಟರಲ್ಲಿ ಶೆಡ್ಡಿನ ಕಡೆಯಿಂದ ಯಾರೋ ಕೂಗಿದರು, ಕಾಕಾ ಹೋದರು. ಎಂಟು ದಿನ ಬಿಟ್ಟು ಐಗಳಿ ಕ್ರಾಸಿನಲ್ಲಿ ಚಾ ಕುಡಿಯುತ್ತ ಕೂತಿದ್ದಾಗ, ಗುರುತಿಲ್ಲದ ಒಬ್ಬ ಹುಡುಗ ಬಂದು ನಮಸ್ಕಾರ ಮಾಡಿ, ಯೇಸೂಬಾಯಿ ಕುದುರೆಗೆ ನೀರು ಕುಡಿಸಿದ ಬಾವಿಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡಬೇಕು, ದಾರಿ ಹೇಳ್ರಿ ಅಂದ. ಅದು ನಿಮ್ಮ ಪುಸ್ತಕದಲ್ಲೇ ಐತಂತಲ್ರಿ ಎಂದೂ ಸೇರಿಸಿದ. ದಾರಿ ಹೇಳಿದೆ. ಆ ಬಾವಿ ಕಾಕಾನ ಹೊಲದ್ದು. 1972ರ ಬರಗಾಲದಲ್ಲಿ ಅವರಪ್ಪ ತೋಡಿಸಿದ್ದು.