ಯೆಜ್ಡಿ ಸಾಕುವವನು

ಯೆಜ್ಡಿ ಸಾಕುವವನು ಬೆಂಗಳೂರು, ಮೈಸೂರು ಮತ್ತು ಇವೆರಡರ ನಡುವಿನ ಇಡ್ಲಿ ಹೋಟೆಲುಗಳಲ್ಲಿ ಕಾಣಸಿಗುವ ಗೃಹಸ್ಥ. ವಯಸ್ಸು ಮೂವತ್ತೆಂಟರಿಂದ ಐವತ್ತೆರಡು. ಉದ್ಯೋಗ ಸಾಫ್ಟ್‌ವೇರ್ ಅಥವಾ ಅದರ ಆಸುಪಾಸು. ಯಾವ ಕಂಪನಿ ಎಂದು ಕೇಳುವ ಮುನ್ನ ಇದು ಯಾವ ತಿಂಗಳು ಎಂದು ನೋಡಿಕೊಳ್ಳಬೇಕು. ಹೆಂಡತಿ ಒಬ್ಬಳು, ಮಕ್ಕಳು ಒಂದೋ ಎರಡೋ, ಓಡಾಡಲು ಒಂದು ಕಾರು, ಓಡಾಡದಿರಲು ಒಂದು ಬೈಕು.

‘ಸಾಕುವುದು’ ಎಂಬ ಮಾತು ಇಲ್ಲಿ ಬೇಕೆಂದೇ ಬಂದಿದೆ. ಉಳಿದ ಗಾಡಿಗಳನ್ನು ಜನ ಕೊಳ್ಳುತ್ತಾರೆ, ಓಡಿಸುತ್ತಾರೆ, ಮಾರುತ್ತಾರೆ. ಯೆಜ್ಡಿಯನ್ನು ಎಮ್ಮೆಯಂತೆ ಸಾಕಬೇಕು. ಮೈತೊಳೆಯಬೇಕು, ಮೇವು ಕಲಸಿ ಹಾಕಬೇಕು. ಆಮೇಲೆ ಹಾಲು ಕೊಡುತ್ತದೋ ಒದೆಯುತ್ತದೋ ಅದರ ಮರ್ಜಿ. ಒದೆಯುವುದು ಅಲಂಕಾರದ ಮಾತಲ್ಲ: ಟೈಮಿಂಗ್ ತಪ್ಪಿದರೆ ಕಿಕ್ಕರ್ ತಿರುಗಿ ಹೊಡೆಯುತ್ತದೆ, ಮೊಣಕಾಲ ಕೆಳಗಿನ ಗುರುತು ನೋಡಿ ಒಬ್ಬ ಸಾಕುವವನು ಇನ್ನೊಬ್ಬನನ್ನು ಪತ್ತೆಹಚ್ಚುತ್ತಾನೆ. ಹೆಂಡತಿ ಮಾತ್ರ ಬೇರೆ ಪದ ಬಳಸುತ್ತಾಳೆ. “ನಮ್ಮೆಜಮಾನ್ರು ಹಳೇದೊಂದನ್ನ ಇಟ್ಕೊಂಡಿದಾರೆ” ಎಂದು ಹೇಳಿ, ಹೊಸದಾಗಿ ಬಾಡಿಗೆಗೆ ಬಂದ ಪಕ್ಕದ ಮನೆಯವರ ಮುಖ ನೋಡುತ್ತಾ ನಿಲ್ಲುವುದು ಅವಳ ಪಾಲಿನ ಹವ್ಯಾಸ.

ಗಾಡಿಯ ಕುಲಗೋತ್ರವನ್ನು ಸಾಕುವವನು ಕೇಳದಿದ್ದರೂ ಹೇಳುತ್ತಾನೆ. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ರುಸ್ತುಂ ಇರಾನಿ ಕಟ್ಟಿದರು, ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ಚೆಕೊಸ್ಲೊವಾಕಿಯಾದ ಜಾವಾ ಎಂಬ ಹೆಸರು 1970ರ ದಶಕದಲ್ಲಿ ಹೋಗಿ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಹೆಸರು ಬದಲಾದರೂ ಒಳಗಿನ ಇಂಜಿನ್ ಬಹುಮಟ್ಟಿಗೆ ಅದೇ ಉಳಿಯಿತು ಎಂಬಲ್ಲಿಗೆ ಬಂದಾಗ ಸಾಕುವವನ ದನಿ ಸ್ವಲ್ಪ ತಗ್ಗುತ್ತದೆ. ಅವನ ಬದುಕಿನಲ್ಲೂ ಅದು ಆಗಿದೆ. ನಾಲ್ಕು ಕಂಪನಿ ಬದಲಿಸಿದರೂ ಮೂರು ಸಲ ಅವನನ್ನು ಅದೇ ಕ್ಲೈಂಟ್‌ನ ಅದೇ ಕಟ್ಟಡದ ಅದೇ ಮಹಡಿಗೆ ಕಳಿಸಿದ್ದಾರೆ. ಕೊರಳಿನ ದಾರದ ಬಣ್ಣ ಮಾತ್ರ ಬೇರೆ.

ಯಂತ್ರದ ರಚನೆಯಲ್ಲಿ ಮೂರು ವಿಶೇಷಗಳುಂಟು, ಮೂರೂ ಒಡೆಯನ ಸ್ವಭಾವಕ್ಕೆ ಇಳಿದಿವೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು: ಒಂದೇ ಕಡೆ ದುಡಿದದ್ದು ಎರಡು ಕಡೆ ಹೊಗೆಯಾಗಿ ಹೋಗುತ್ತದೆ. ಎಡಗಡೆಯ ಒಂದೇ ಕಡ್ಡಿಯನ್ನು ಎತ್ತಿ ನಿಲ್ಲಿಸಿದರೆ ಕಿಕ್ಕರ್, ಮುಂದಕ್ಕೆ ಬೀಳಿಸಿದರೆ ಗೇರ್. ಒಬ್ಬನೇ ಬೆಳಿಗ್ಗೆ ಮಗನ ಸ್ಕೂಲ್ ಡ್ರೈವರು, ಹತ್ತು ಗಂಟೆಗೆ ಡೆಲಿವರಿ ಮ್ಯಾನೇಜರು ಆದಂತೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈ ಗಾಡಿಯಲ್ಲಿ ಗೇರ್ ಕಡ್ಡಿಯನ್ನು ಒತ್ತಿದಾಗಲೇ ಕ್ಲಚ್ ತಾನಾಗಿ ಬಿಡಿಸಿಕೊಳ್ಳುವ ಏರ್ಪಾಡಿದೆ, ಕೈಯಿಂದ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಸಾಕುವವನು ಕೆಲಸ ಬದಲಿಸುವುದೂ ಹೀಗೆಯೇ, ಮನೆಯಲ್ಲಿ ಯಾರಿಗೂ ತಿಳಿಸದೆ.

ಆದರೂ ಮನೆಗೆ ಗೊತ್ತಾಗುತ್ತದೆ. ರಾಜೀನಾಮೆ ಕೊಟ್ಟವನು ಸಾಮಾನ್ಯವಾಗಿ 90 ದಿನ ನೋಟಿಸ್ ಪಿರಿಯಡ್ ಕಳೆಯಬೇಕು. ಮೊದಲೆರಡು ವಾರ ಮೇಲಿನವರು ಉಳಿಸಿಕೊಳ್ಳುವ ನಾಟಕ ಆಡುತ್ತಾರೆ, ಕೊನೆಯ ಎರಡು ವಾರ ಕೇಕು ಕತ್ತರಿಸುವುದರಲ್ಲಿ ಹೋಗುತ್ತದೆ. ನಡುವಿನ ಎರಡು ತಿಂಗಳು ಅವನನ್ನು ಯಾರೂ ಏನೂ ಕೇಳುವುದಿಲ್ಲ. ಇಂಜಿನ್ ಇಳಿಸಲು ಶಾಸ್ತ್ರೋಕ್ತ ಕಾಲ ಇದೇ. ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿದ್ದನ್ನು, ಅಡುಗೆಮನೆಯಿಂದ ಒಂದು ಬಾಣಲೆ ಮಾಯವಾದದ್ದನ್ನು ಕಂಡ ಹೆಂಡತಿ, “ಯಾವ ಕಂಪ್ನಿ ರೀ?” ಎಂದಷ್ಟೇ ಕೇಳುತ್ತಾಳೆ. ಹೊಸ ಕಂಪನಿಯವರು, ಉಳಿದ ದಿನಗಳ ದುಡ್ಡು ನಾವೇ ಕಟ್ಟುತ್ತೇವೆ, ಮುಂದಿನ ತಿಂಗಳೇ ಬನ್ನಿ ಎಂದು ಗೋಗರೆಯುವುದುಂಟು. ಸಾಕುವವನು ಒಪ್ಪುವುದಿಲ್ಲ. ಹಳೆಯ ಟೀಮಿಗೆ ಕೈಕೊಡುವುದು ತನ್ನ ಜಾಯಮಾನವಲ್ಲ ಎನ್ನುತ್ತಾನೆ. ಹೊಸ ಕಂಪನಿಯವರಿಗೆ ಈ ನಿಷ್ಠೆ ಮೆಚ್ಚುಗೆಯಾಗಿ ಮತ್ತಿಷ್ಟು ಸಂಬಳ ಏರಿಸುತ್ತಾರೆ. ಕ್ರ್ಯಾಂಕು ಲೇತಿನವನ ಬಳಿ ಇರುವ ವಿಷಯ ಅವರಿಗೆ ತಿಳಿಯದು.

ಈ ಎರಡು ತಿಂಗಳಲ್ಲಿ ಅಡುಗೆಮನೆ ಅನುಭವಿಸುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕ್ರ್ಯಾಂಕಿನ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು ರಸ್ತೆಬದಿಯ ಪದ್ಧತಿ. ತಿಳಿದವರು ಬೇರಿಂಗನ್ನು ತಣ್ಣಗೆ ಮಾಡುತ್ತಾರೆ, ಅದು ಕೂರುವ ಅಲ್ಯೂಮಿನಿಯಂ ಕೇಸನ್ನು ಬಿಸಿ ಮಾಡುತ್ತಾರೆ. ಲೋಹ ತಣಿದರೆ ಕುಗ್ಗುತ್ತದೆ, ಕಾದರೆ ಹಿಗ್ಗುತ್ತದೆ, ಆಗ ಬೇರಿಂಗು ಕೇಸಿನೊಳಗೆ ತಾನಾಗಿ ಜಾರಿ ಕೂರುತ್ತದೆ. ಭೌತಶಾಸ್ತ್ರ ಸರಿಯಾಗಿಯೇ ಇದೆ. ತಣ್ಣಗೆ ಮಾಡುವುದು ಎಲ್ಲಿ, ಬಿಸಿ ಮಾಡುವುದು ಎಲ್ಲಿ ಎಂಬುದಷ್ಟೇ ಸಂಸಾರದ ಸಮಸ್ಯೆ. ಹಿಂದಿನ ರಾತ್ರಿಯಿಂದ ಬೇರಿಂಗು ಫ್ರೀಜರಿನಲ್ಲಿ ಹಿತಕಿದ ಅವರೆಬೇಳೆಯ ಪೊಟ್ಟಣದ ಪಕ್ಕ ಮಲಗಿರುತ್ತದೆ. ಬೆಳಿಗ್ಗೆ ಕೇಸು ಹೆಂಡತಿಯ ಕೇಕಿನ ಓವನ್ನಿಗೆ ಹೋಗುತ್ತದೆ. ಬೇರಿಂಗು ಕೂತ ಕ್ಷಣದ ಆನಂದದಲ್ಲಿ ಸಾಕುವವನು ಹೆಂಡತಿಯನ್ನು “ಬಾರೇ, ನೋಡು ಬಾ” ಎಂದು ಕರೆದುಬಿಡುತ್ತಾನೆ. ಅವಳು ಬಂದು ನೋಡುತ್ತಾಳೆ, ಬೇರಿಂಗನ್ನಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ಆದ ಕೇಕಿನಲ್ಲಿ ಎರಡು ದಶಕದ ಹಿಂದಿನ ಗೇರ್ ಆಯಿಲಿನ ಘಮ ಇತ್ತೆಂದು ಮಕ್ಕಳು ಇಂದಿಗೂ ಹೇಳುತ್ತಾರೆ.

ಮಕ್ಕಳ ಪಾತ್ರ ಟಾರ್ಚ್ ಹಿಡಿಯುವುದು. ಅಪ್ಪ ನೋಡುತ್ತಿರುವ ಕಡೆಗಲ್ಲ, ನೋಡಲಿರುವ ಕಡೆಗೆ ಬೆಳಕು ಬೀಳಬೇಕು. ಈ ಸೂಕ್ಷ್ಮ ಮಕ್ಕಳಿಗೆ ಹತ್ತಿರವಿದ್ದು ಬೈಸಿಕೊಂಡ ಮೇಲೆಯೇ ಬರುವುದು. ಹನ್ನೆರಡರ ಮಗ್ಗಿ ತಡವರಿಸುವ ಹುಡುಗಿಗೆ ಹನ್ನೆರಡು-ಹದಿಮೂರರ ಸ್ಪ್ಯಾನರ್ ಕಣ್ಣುಮುಚ್ಚಿ ಎತ್ತಿಕೊಡಲು ಬರುತ್ತದೆ.

ಸಾಕುವವನ ಶಿಸ್ತು ಒಂದು ಕಡೆ ಮಾತ್ರ ಕೆಲಸ ಮಾಡುತ್ತದೆ. ಕಾರ್ಬುರೇಟರಿನ ಜೆಟ್ಟು, ಪಾಯಿಂಟಿನ ಸ್ಕ್ರೂ, ಸೈಡ್ ಬಾಕ್ಸಿನ ಬುಷ್ ಎಲ್ಲವೂ ಖಾಲಿ ಹಾರ್ಲಿಕ್ಸ್ ಬಾಟಲಿಗಳಲ್ಲಿ, ಚೀಟಿ ಅಂಟಿಸಿಕೊಂಡು, ತಾರೀಕು ಸಮೇತ ಕೂತಿರುತ್ತವೆ. ಅದೇ ಮನುಷ್ಯನ ಪಿಎಫ್ ಹಣ ಮೂರು ಹಳೆಯ ಕಂಪನಿಗಳ ಖಾತೆಗಳಲ್ಲಿ ವಾರಸುದಾರನಿಲ್ಲದಂತೆ ಬಿದ್ದಿರುತ್ತದೆ, ವರ್ಗಾಯಿಸಲು ಪುರುಸೊತ್ತಿಲ್ಲ. ವರ್ಷದ ನಡುವೆ ಕೆಲಸ ಬಿಟ್ಟಿದ್ದರಿಂದ ಫಾರಂ 16 ಎರಡು ಬರುತ್ತವೆ. ಹಿಂದಿನ ಸಂಬಳದ ಲೆಕ್ಕ ಕೇಳಿದ್ದ ಹೊಸ ಕಂಪನಿಯ ಮೇಲ್‌ಗೆ ಅವನು ಉತ್ತರಿಸಿರುವುದಿಲ್ಲ, ಹಾಗಾಗಿ ಎರಡೂ ಕಂಪನಿಯವರು ವಿನಾಯಿತಿಗಳನ್ನು ಪೂರ್ತಿ ಕೊಟ್ಟು ತೆರಿಗೆ ಕಡಿಮೆ ಹಿಡಿದಿರುತ್ತಾರೆ. ಬಾಕಿ ಹಣವನ್ನು ಬಡ್ಡಿ ಸಮೇತ ಕಟ್ಟುವ ಸಂಗತಿ ಸಾಧಾರಣವಾಗಿ ಜುಲೈನಲ್ಲಿ ಬೆಳಕಿಗೆ ಬರುತ್ತದೆ. ಅದೇ ಜುಲೈ ತಿಂಗಳ ಎರಡನೆಯ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಅಂದು ಬೆಂಗಳೂರು, ಮೈಸೂರುಗಳಲ್ಲಿ ಸಾಕುವವರೆಲ್ಲ ಗಾಡಿಗಳೊಡನೆ ಒಂದೆಡೆ ಸೇರುತ್ತಾರೆ, ಗಾಡಿ ಮಿಂಚುತ್ತಿರಬೇಕು. ಆಡಿಟರ್ ಹೇಳಿದ ಮೊತ್ತಕ್ಕೂ ಕ್ರೋಮ್ ಮಾಡುವವನು ಹೇಳಿದ ಮೊತ್ತಕ್ಕೂ ಇರುವ ಹೋಲಿಕೆ ನೋಡಿ ಅವನು ಪ್ರತಿ ವರ್ಷ ಬೆರಗಾಗುತ್ತಾನೆ.

ಕ್ರೋಮಿನ ಖರ್ಚಿಗೆ ಜಾಯಿನಿಂಗ್ ಬೋನಸ್ ಇದೆ. ಸಂಬಳದ ಏರಿಕೆ ಮನೆಯ ಸೊತ್ತು: ಅದರಲ್ಲಿ ಮನೆ ಸಾಲದ ಕಂತು, ಶಾಲೆಯ ಫೀಸು, ಅಮ್ಮನ ಮೊಣಕಾಲು ಎಲ್ಲಕ್ಕೂ ಪಾಲುಂಟು. ಬೋನಸ್ ಮಾತ್ರ ತಿಂಗಳ ಲೆಕ್ಕಕ್ಕೆ ಸಿಗದ ದುಡ್ಡು, ಆದ್ದರಿಂದ ಅದು ದೈವಾನುಗ್ರಹ, ಆದ್ದರಿಂದ ಅದು ಸೈಲೆನ್ಸರಿಗೆ. ಒಂದು ವರ್ಷದೊಳಗೆ ಬಿಟ್ಟರೆ ಬೋನಸ್ ಹಿಂದಿರುಗಿಸಬೇಕು ಎಂಬ ಷರತ್ತು ಆಫರ್ ಲೆಟರಿನ ಕೊನೆಯ ಪುಟದಲ್ಲಿರುತ್ತದೆ. ಸೈಲೆನ್ಸರಿಗೆ ಹತ್ತಿದ ಕ್ರೋಮನ್ನು ಸುಲಿದು ಮಾನವ ಸಂಪನ್ಮೂಲ ವಿಭಾಗಕ್ಕೆ ಕೊಡಲಾಗುವುದಿಲ್ಲವಾದ್ದರಿಂದ ಸಾಕುವವನು ಹದಿಮೂರನೆಯ ತಿಂಗಳವರೆಗೆ ಅಲ್ಲೇ ಹಲ್ಲುಕಚ್ಚಿ ಕೂರುತ್ತಾನೆ. ಅವನ ರೆಸ್ಯೂಮೆಯಲ್ಲಿ ಕಾಣುವ ಸ್ಥಿರತೆಗೆ ಬೇರೆ ಕಾರಣವಿಲ್ಲ. ಗ್ರಾಚ್ಯುಟಿಗೆ ಐದು ವರ್ಷ ಒಂದೇ ಕಡೆ ಇರಬೇಕೆಂಬುದು ಅವನು ಕೇಳಿ ಬಲ್ಲ ವಿಷಯ. ಮಾವನವರು ಮೂವತ್ತನಾಲ್ಕು ವರ್ಷ ಒಂದೇ ಬ್ಯಾಂಕಿನಲ್ಲಿದ್ದವರು. “ಅಳಿಯಂದಿರು ಈಗ ಎಲ್ಲಿದಾರಮ್ಮ?” ಎಂದು ಮಗಳನ್ನು ಕೇಳುವಾಗ ಅವರ ದನಿಯಲ್ಲಿ, ಊರು ಬಿಟ್ಟು ಹೋದವನ ವಿಚಾರಿಸುವ ಕನಿಕರವಿರುತ್ತದೆ.

ಹೆಂಡತಿಯ ಪಂಚಾಂಗವೇ ಬೇರೆ. ದೊಡ್ಡವಳು ಹುಟ್ಟಿದ್ದು ಎರಡನೇ ಕಂಪನಿಯಲ್ಲಿ, ಗೃಹಪ್ರವೇಶ ಮೂರನೆಯದರಲ್ಲಿ ಎಂದು ಅವಳು ಲೆಕ್ಕ ಇಡುತ್ತಾಳೆ. ಅವನು ಅದೇ ಘಟನೆಗಳನ್ನು ಮೊದಲ ಬೋರ್ ಮಾಡಿಸಿದ ವರ್ಷ, ಟ್ಯಾಂಕ್ ತೂತು ಬಿದ್ದ ಮಳೆಗಾಲ ಎಂದು ಗುರುತಿಸುತ್ತಾನೆ. ಇಬ್ಬರೂ ಇಸವಿ ಹೇಳಬೇಕಾಗಿ ಬಂದರೆ ಮಕ್ಕಳ ಆಧಾರ್ ಕಾರ್ಡ್ ತೆಗೆಯುತ್ತಾರೆ.

ಭಾನುವಾರದ ಸವಾರಿ ಈ ಬದುಕಿನ ಫಲಶ್ರುತಿ. ಬೆಳಿಗ್ಗೆ ಐದಕ್ಕೆ ಪೆಟ್ರೋಲಿಗೆ ಲೀಟರಿಗೆ ಮೂವತ್ತು-ನಲವತ್ತು ಮಿಲಿಲೀಟರಿನಂತೆ ಟೂ-ಟಿ ಆಯಿಲ್ ಕಲಸಬೇಕು. ಟೂ ಸ್ಟ್ರೋಕ್ ಇಂಜಿನಿಗೆ ಪೆಟ್ರೋಲಿನ ಜೊತೆ ಹೋಗುವ ಎಣ್ಣೆಯೇ ಜೀವ. ಹಚ್ಚಿದ ಕೂಡಲೇ ಅಪಾರ್ಟ್‌ಮೆಂಟಿನ ನೆಲಮಾಳಿಗೆ ನೀಲಿಯಾಗುತ್ತದೆ, ಸಂಘದ ಕಾರ್ಯದರ್ಶಿಗೆ ಆ ವಾರದ ಕೆಲಸ ಸಿಗುತ್ತದೆ. ಗುರಿ ಬಿಡದಿಯ ತಟ್ಟೆ ಇಡ್ಲಿ, ಮಹತ್ವಾಕಾಂಕ್ಷೆಯ ದಿನ ಮದ್ದೂರು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಮೈಸೂರಿನಲ್ಲೇ ಹುಟ್ಟಿದ ಗಾಡಿ ತವರಿಗೆ ಸರ್ವೀಸ್ ರಸ್ತೆಯಲ್ಲಿ ಹೋಗಬೇಕಾಗಿದೆ ಎಂಬುದನ್ನು ಸಾಕುವವನು ಪ್ರತಿ ತಟ್ಟೆಗೊಮ್ಮೆ ಹೇಳುತ್ತಾನೆ. ಒಳಗೊಳಗೆ ಅವನಿಗೆ ಸಮಾಧಾನವೇ. ಕೆಟ್ಟು ನಿಂತರೆ ತಳ್ಳಿಕೊಂಡು ಹೋಗಲು ಸರ್ವೀಸ್ ರಸ್ತೆಯಲ್ಲಿ ಪಂಚರ್ ಅಂಗಡಿಗಳಿವೆ, ಕಬ್ಬಿನಹಾಲಿದೆ. ಒಂಬತ್ತಕ್ಕೆ ಬರುತ್ತೇನೆಂದವನು ಹನ್ನೊಂದೂವರೆಗೆ ಬರುತ್ತಾನೆ. ಹೆಂಡತಿ ಅಷ್ಟರಲ್ಲಿ ಕಾರು ತೆಗೆದುಕೊಂಡು ತಂಗಿಯ ಮಗನ ನಾಮಕರಣಕ್ಕೆ ಹೋಗಿರುತ್ತಾಳೆ. ಅವಳ ಒಂದು ಸವಾರಿ ಅವನ ಲೆಕ್ಕದಲ್ಲಿ ಬಾಕಿಯಾಗುತ್ತದೆ, ಈ ಬಾಕಿ ಶನಿವಾರದ ಮಾಲ್‌ಗಳಲ್ಲಿ ಸಂದಾಯವಾಗುತ್ತದೆ.

ಆಯುಧಪೂಜೆಯಂದು ಕ್ರಮ ಹೀಗೆ: ಮೊದಲು ಯೆಜ್ಡಿ, ಆಮೇಲೆ ಕಾರು, ಮಕ್ಕಳ ಸೈಕಲ್, ಮಿಕ್ಸಿ, ಕೊನೆಗೆ ಆಫೀಸಿನ ಲ್ಯಾಪ್‌ಟಾಪಿಗೆ ಉಳಿದ ಕುಂಕುಮ. ಲ್ಯಾಪ್‌ಟಾಪು ಹೇಗೂ ವಾಪಸ್ ಕೊಡುವಂಥದ್ದು. ಚಕ್ರದಡಿಯ ನಿಂಬೆಹಣ್ಣು ಜಜ್ಜುವ ಹೊತ್ತಿಗೆ ಗಾಡಿ ಹಚ್ಚಿಕೊಳ್ಳುವುದಿಲ್ಲ. ಮನೆಮಂದಿ ಸೇರಿ ತಳ್ಳಿ ಶಾಸ್ತ್ರ ಮುಗಿಸುತ್ತಾರೆ.

ಕಾಗದಪತ್ರದ ಮಟ್ಟಿಗೆ ಗಾಡಿ ಬಹಳ ಸಲ ತೀರಿಕೊಂಡ ಅಪ್ಪನ ಹೆಸರಿನಲ್ಲೇ ಇರುತ್ತದೆ. ನೋಂದಣಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು, ಆಗೆಲ್ಲ ಆರ್‌ಟಿಓ ಅಂಗಳದಲ್ಲಿ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಬೇಕು. ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ; ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳು. ಹಾಗೆ ನೋಂದಾಯಿಸಿದ್ದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಿತ್ಯವೂ ಓಡಾಡುವ ಯೆಜ್ಡಿಯ ಒಡೆಯನಿಗೆ ಇದು ತೊಂದರೆಯಾಗಬಹುದಿತ್ತು. 1979ರ ರೋಡ್‌ಕಿಂಗ್ ಇರುವವನು 2029ಕ್ಕಾಗಿ ಕಾಯುತ್ತಿದ್ದಾನೆ. ಅದೇ ವರ್ಷ ಅವನಿಗೂ ಐವತ್ತು ತುಂಬುತ್ತದೆ. ಅದನ್ನು ಹೆಂಡತಿ ನೆನಪಿಸಬೇಕು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಕೈಯಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ಫೋರ್ ಸ್ಟ್ರೋಕ್, ಬಟನ್ ಒತ್ತಿದರೆ ಹಚ್ಚಿಕೊಳ್ಳುತ್ತದೆ, ಹೊಗೆಯಿಲ್ಲ. ಹೆಂಡತಿ ಶೋರೂಮಿಗೆ ತಾನೇ ಕರೆದುಕೊಂಡು ಹೋದಳು. ಅವನು ಸುತ್ತು ಹಾಕಿ ನೋಡಿ, ಚೆನ್ನಾಗಿದೆ ಎಂದು ಒಪ್ಪಿ, ಇದರಲ್ಲಿ ಮಾಡಲಿಕ್ಕೇನೂ ಇಲ್ಲವಲ್ಲ ಎಂದು ಹೊರಬಂದ.

ಮಾರುವ ಪ್ರಸಂಗ ಎಲ್ಲ ಸಾಕುವವರ ಜೀವನದಲ್ಲೂ ಒಮ್ಮೆ ಬರುತ್ತದೆ. ಕಂಪನಿ ಜನರನ್ನು ಕಡಿಮೆ ಮಾಡಿದ ತಿಂಗಳು, ಇಬ್ಬರೂ ಊಟದ ಮೇಜಿನಲ್ಲಿ ಕೂತು ಖರ್ಚಿನ ಪಟ್ಟಿ ಬರೆದಾಗ, ಅವನು ತಾನಾಗಿಯೇ “ಗಾಡಿ ಕೊಟ್ಬಿಡೋಣ ಕಣೇ” ಎನ್ನುತ್ತಾನೆ. ಹೆಂಡತಿ ಬೇಡವೆನ್ನಲಿ ಎಂದು ಕಾಯುತ್ತಾನೆ. ಅವಳು ಬೇಡ ಎನ್ನುವುದಿಲ್ಲ. ಜಾಹೀರಾತು ಹೋಗುತ್ತದೆ, ಯಾರೂ ಕೊಳ್ಳಲಾರದ ಬೆಲೆಯಲ್ಲಿ. ಆದರೂ ತುಮಕೂರಿನ ಕಡೆಯ ಒಬ್ಬ ಬರುತ್ತಾನೆ, ಇವನಷ್ಟೇ ವಯಸ್ಸು, ಮೊಣಕಾಲ ಕೆಳಗೆ ಅದೇ ಗುರುತು. ಪ್ಲಗ್ ಬಿಚ್ಚಿ ನೋಡುತ್ತಾರೆ, ಪಾಯಿಂಟ್ ಗ್ಯಾಪ್ ಬಗ್ಗೆ ಭಿನ್ನಾಭಿಪ್ರಾಯ ಬರುತ್ತದೆ, ಎರಡನೆಯ ಕಾಫಿ ಆಗುತ್ತದೆ. ಆ ಮನುಷ್ಯನ ಹಿತ್ತಿಲಿನಲ್ಲಿ ಇಂಜಿನ್ ಹಿಡಿದುಕೊಂಡು ನಿಂತ ಇನ್ನೊಂದು ಯೆಜ್ಡಿ ಇದೆಯಂತೆ, ಒರಿಜಿನಲ್ ಸೈಲೆನ್ಸರ್ ಸಮೇತ. ಸಂಜೆ ಏಳಕ್ಕೆ ಸಾಕುವವನು ಒಳಗೆ ಬಂದು, ಒಂದು ಟೆಂಪೋ ಹೇಳಬೇಕು, ಕಾರನ್ನು ಎರಡು ದಿನ ಬೀದಿಯಲ್ಲಿ ನಿಲ್ಲಿಸಿದರೆ ಸಾಕು, ಸ್ಪೇರಿಗೆ ಮಾತ್ರ ಎಂದು ಹೆಂಡತಿಗೆ ವಿವರಿಸುತ್ತಾನೆ. ಅವಳು ಎದ್ದು ಹೋಗಿ ಫ್ರೀಜರಿನಿಂದ ಅವರೆಬೇಳೆಯ ಪೊಟ್ಟಣ ತೆಗೆದು ಕೆಳಗಿನ ಅರೆಯಲ್ಲಿ ಇಡುತ್ತಾಳೆ.